ಕೊರತೆ ಇರುವುದು ಉಗ್ರಾಣದಲ್ಲೋ, ನ್ಯಾಯದಲ್ಲೋ?

ಅರ್ಥಶಾಸ್ತ್ರದ ಅಧ್ಯಯನಕ್ಕೆ ತೊಡಗುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಮೊದಲ ಪಾಠದಲ್ಲಿಯೇ ಒಂದು ತತ್ವವನ್ನು ಬೋಧಿಸಲಾಗುತ್ತದೆ. ಮಾನವನ ಬಯಕೆಗಳು ಅಪರಿಮಿತವಾಗಿವೆ, ಅವುಗಳನ್ನು ಈಡೇರಿಸಬಲ್ಲ ಸಂಪನ್ಮೂಲಗಳು ಪರಿಮಿತವಾಗಿವೆ, ಈ ಎರಡರ ನಡುವಿನ ಅಂತರವೇ ಸಕಲ ಆರ್ಥಿಕ ಸಮಸ್ಯೆಗಳ ಮೂಲ ಎಂಬುದೇ ಆ ತತ್ವ. ವಿದ್ಯಾರ್ಥಿಯು ಅದನ್ನು ಕಂಠಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸುತ್ತಾನೆ. ಮುಂದೆ ಆತ ಅಧಿಕಾರಿಯಾಗಬಹುದು, ಬ್ಯಾಂಕಿನ ವ್ಯವಸ್ಥಾಪಕನಾಗಬಹುದು, ಮಂತ್ರಿಯೂ ಆಗಬಹುದು. ಆಗ ಅದೇ ತತ್ವವು ಆತನ ಬಾಯಿಯಿಂದ ಇನ್ನೊಂದು ರೂಪದಲ್ಲಿ ಹೊರಬರುತ್ತದೆ. ವೃದ್ಧರು ಪಿಂಚಣಿ ಕೇಳಿದಾಗ, ಅಂಗನವಾಡಿ ಕಾರ್ಯಕರ್ತೆಯರು ಗೌರವಧನದ ಹೆಚ್ಚಳ ಕೇಳಿದಾಗ, ಬಡವನು ಪಡಿತರ ಚೀಟಿ ಕೇಳಿದಾಗ ದೊರೆಯುವ ಉತ್ತರ ಒಂದೇ: ಬೇಡಿಕೆಗಳು ಅಪಾರ, ಸರಕಾರದ ಸಂಪನ್ಮೂಲ ಸೀಮಿತ.

ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣಿಸದು. ಭೂಮಿಗೆ ಮಿತಿಯಿದೆ, ನೀರಿಗೆ ಮಿತಿಯಿದೆ, ಖಜಾನೆಗೂ ಮಿತಿಯಿದೆ. ಇದನ್ನು ಯಾರೂ ನಿರಾಕರಿಸುವುದಿಲ್ಲ, ನಾವೂ ನಿರಾಕರಿಸುವುದಿಲ್ಲ. ನಮ್ಮ ಆಕ್ಷೇಪವಿರುವುದು ಈ ಸತ್ಯವನ್ನು ಬಳಸಿಕೊಂಡು ಮಾಡಲಾಗುತ್ತಿರುವ ಮೂರು ಮೋಸಗಳ ಬಗ್ಗೆ. ಒಂದನೆಯದಾಗಿ, ಈ ಪಾಠವು ಹಸಿದ ಮಗುವಿನ ಅನ್ನವನ್ನೂ ಕೋಟ್ಯಧಿಪತಿಯ ಹತ್ತನೆಯ ಕಾರನ್ನೂ 'ಬಯಕೆ' ಎಂಬ ಒಂದೇ ಪದದ ಕೆಳಗೆ ಸೇರಿಸಿಬಿಡುತ್ತದೆ. ಎರಡನೆಯದಾಗಿ, ಹಸಿವಿನ ಹೊಣೆಯನ್ನು ಮನುಷ್ಯರ ತೀರ್ಮಾನಗಳ ಮೇಲಿಂದ ಎತ್ತಿ ಪ್ರಕೃತಿಯ ಜಿಪುಣತನದ ಮೇಲೆ ಹೊರಿಸುತ್ತದೆ. ಮೂರನೆಯದಾಗಿ, ಯಾರ ಬಯಕೆ, ಯಾರ ಸಂಪನ್ಮೂಲ ಎಂಬ ಪ್ರಶ್ನೆಯನ್ನು ಪಾಠದ ಹೊಸ್ತಿಲಿನಿಂದಲೇ ಹೊರಗಟ್ಟುತ್ತದೆ.

ಅರ್ಥಶಾಸ್ತ್ರವು ಹುಟ್ಟಿನಿಂದಲೇ ಹೀಗಿತ್ತೆಂದು ಭಾವಿಸಬೇಕಾಗಿಲ್ಲ. 1890ರಲ್ಲಿ ಕೇಂಬ್ರಿಜ್‌ನ ಆಲ್ಫ್ರೆಡ್ ಮಾರ್ಷಲ್ ಅರ್ಥಶಾಸ್ತ್ರವನ್ನು ಮಾನವನ ದೈನಂದಿನ ಬದುಕಿನ ಮತ್ತು ಭೌತಿಕ ಕ್ಷೇಮದ ಅಧ್ಯಯನವೆಂದು ವಿವರಿಸಿದ್ದರು. ಅವರ ಶಿಷ್ಯ ಪಿಗೂ 1920ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಶ್ರೀಮಂತನ ಬಳಿಯಿರುವ ಒಂದು ಪೌಂಡು ಬಡವನ ಕೈಗೆ ಬಂದರೆ ಶ್ರೀಮಂತನಿಗಾಗುವ ನಷ್ಟಕ್ಕಿಂತ ಬಡವನಿಗಾಗುವ ಲಾಭ ಹೆಚ್ಚು, ಆದ್ದರಿಂದ ಒಟ್ಟು ಉತ್ಪಾದನೆಗೆ ಧಕ್ಕೆಯಾಗದಂತೆ ಸಂಪತ್ತನ್ನು ಬಡವರೆಡೆಗೆ ಹರಿಸಿದರೆ ಸಮಾಜದ ಕ್ಷೇಮ ವೃದ್ಧಿಸುತ್ತದೆ ಎಂಬುದು ಅವರ ವಾದದ ಸಾರ. ಇದು ಯಾವ ಕ್ರಾಂತಿಕಾರಿಯ ಘೋಷಣೆಯೂ ಆಗಿರಲಿಲ್ಲ, ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಶಾಂತ ಲೆಕ್ಕಾಚಾರವಾಗಿತ್ತು.

1932ರಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನ ಯುವ ಪ್ರಾಧ್ಯಾಪಕ ಲಯನೆಲ್ ರಾಬಿನ್ಸ್ ಒಂದು ಪ್ರಬಂಧವನ್ನು ಪ್ರಕಟಿಸಿದರು. ಇಂದು ನಮ್ಮ ಮಕ್ಕಳು ಕಲಿಯುವ ವ್ಯಾಖ್ಯೆಯ ಮೂಲ ಅಲ್ಲಿದೆ. ಗುರಿಗಳು ಹಲವು, ಅವುಗಳನ್ನು ಸಾಧಿಸುವ ಸಾಧನಗಳು ವಿರಳ ಮತ್ತು ಆ ಸಾಧನಗಳಿಗೆ ಬೇರೆ ಬೇರೆ ಉಪಯೋಗಗಳಿವೆ. ಇವೆರಡರ ಸಂಬಂಧದಲ್ಲಿ ಮಾನವನ ವರ್ತನೆಯನ್ನು ಅಭ್ಯಸಿಸುವುದೇ ಅರ್ಥಶಾಸ್ತ್ರ ಎಂದು ಅವರು ನಿರೂಪಿಸಿದರು. ಗುರಿ ಒಳ್ಳೆಯದೋ ಕೆಟ್ಟದೋ ಎಂಬುದು ಅರ್ಥಶಾಸ್ತ್ರಕ್ಕೆ ಸಂಬಂಧಿಸಿದ ವಿಚಾರವಲ್ಲ, ಈ ಶಾಸ್ತ್ರವು ಗುರಿಗಳ ನಡುವೆ ತಟಸ್ಥ ಎಂದೂ ಹೇಳಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಒಬ್ಬನ ತೃಪ್ತಿಯನ್ನು ಇನ್ನೊಬ್ಬನ ತೃಪ್ತಿಯೊಂದಿಗೆ ಹೋಲಿಸಲು ವೈಜ್ಞಾನಿಕ ಆಧಾರವಿಲ್ಲವೆಂದು ಸಾರಿ ಪಿಗೂ ಅವರ ವಾದದ ಬೇರಿಗೇ ಕೊಡಲಿಯಿಟ್ಟರು.

ಇದರ ಪರಿಣಾಮವೇನೆಂಬುದನ್ನು ನಮ್ಮ ಓದುಗರು ಶಾಂತವಾಗಿ ಯೋಚಿಸಬೇಕು. ನೂರು ರೂಪಾಯಿಯು ದಿನಗೂಲಿಯ ಮನೆಯಲ್ಲಿ ಒಂದು ಹೊತ್ತಿನ ಗಂಜಿಯಾಗುತ್ತದೆ, ಉದ್ಯಮಿಯ ಮನೆಯಲ್ಲಿ ಲೆಕ್ಕಕ್ಕೂ ಬರುವುದಿಲ್ಲ. ಇದನ್ನು ಅರಿಯಲು ಯಾವ ಪದವಿಯೂ ಬೇಕಿಲ್ಲ, ಹಳ್ಳಿಯ ಅಕ್ಷರ ಬಾರದ ಅಜ್ಜಿಗೂ ಗೊತ್ತಿರುವ ಸಂಗತಿ. ಆದರೆ ಹೊಸ ಅರ್ಥಶಾಸ್ತ್ರವು, ಅಜ್ಜಿಗೆ ತಿಳಿದಿರುವುದನ್ನು ತಾನು ಹೇಳಲಾರೆನೆಂದು ಕೈತೊಳೆದುಕೊಂಡಿತು. ಹೀಗೆ ಹಂಚಿಕೆಯ ಪ್ರಶ್ನೆಯು ಶಾಸ್ತ್ರದಿಂದ ಹೊರಬಿದ್ದು 'ಅಭಿಪ್ರಾಯ'ವಾಯಿತು, ಕೊರತೆಯು ಶಾಸ್ತ್ರದೊಳಗೆ ಕುಳಿತು 'ಸತ್ಯ'ವಾಯಿತು.

ಈ ವ್ಯಾಖ್ಯೆ ಹೊರಬಂದ ಕಾಲವನ್ನೂ ಗಮನಿಸಬೇಕು. 1932 ಎಂದರೆ ಮಹಾ ಆರ್ಥಿಕ ಕುಸಿತದ ನಡುಗಾಲ. ಕಾರ್ಖಾನೆಗಳಿದ್ದವು, ಬೀಗ ಬಿದ್ದಿತ್ತು. ಕಾರ್ಮಿಕರಿದ್ದರು, ಕೆಲಸವಿರಲಿಲ್ಲ, 1933ರಲ್ಲಿ ಅಮೆರಿಕದ ದುಡಿಯುವವರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬ ನಿರುದ್ಯೋಗಿಯಾಗಿದ್ದ. ಬೆಲೆ ಕುಸಿಯದಂತೆ ತಡೆಯಲು ಬ್ರೆಜಿಲ್ ದೇಶವು 1931ರಿಂದ 1944ರ ನಡುವೆ ಸುಮಾರು 7.8 ಕೋಟಿ ಚೀಲ ಕಾಫಿಯನ್ನು ನಾಶಪಡಿಸಿತು. ಅಮೆರಿಕದಲ್ಲಿ 1933ರಲ್ಲಿ ಸುಮಾರು 1 ಕೋಟಿ ಎಕರೆಯ ಹತ್ತಿ ಬೆಳೆಯನ್ನು ಸರಕಾರವೇ ಹಣ ಕೊಟ್ಟು ಉಳಿಸಿಹಾಕಿತು; ಅದೇ ಹೊತ್ತಿನಲ್ಲಿ ಅಲ್ಲಿನ ಬಡವರು ಹರಿದ ಬಟ್ಟೆಯಲ್ಲಿ ಉಚಿತ ಸೂಪಿಗಾಗಿ ಸಾಲು ನಿಂತಿದ್ದರು. ಜಗತ್ತಿನ ಕಣ್ಣೆದುರು ಸಾಧನಗಳು ಕೊಳೆಯುತ್ತಿದ್ದಾಗ, ಸಾಧನಗಳ ವಿರಳತೆಯೇ ಮೂಲ ಸಮಸ್ಯೆಯೆಂದು ಲಂಡನ್ನಿನಲ್ಲಿ ವ್ಯಾಖ್ಯೆ ರಚನೆಯಾಗುತ್ತಿತ್ತು. ಇದಕ್ಕಿಂತ ದೊಡ್ಡ ವಿಪರ್ಯಾಸ ಇರಲು ಸಾಧ್ಯವೇ? ರಾಬಿನ್ಸ್ ಅವರ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಆ ಕುಸಿತದ ಕಾಲದಲ್ಲಿ ಸರಕಾರವು ವೆಚ್ಚ ಮಾಡಿ ಉದ್ಯೋಗ ನೀಡುವುದನ್ನು ತಾವು ವಿರೋಧಿಸಿದ್ದು ತಮ್ಮ ವೃತ್ತಿಜೀವನದ ಅತಿದೊಡ್ಡ ತಪ್ಪೆಂದು ಅವರೇ 1971ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಗುರು ಪಶ್ಚಾತ್ತಾಪ ಪಟ್ಟರು, ಪಠ್ಯಪುಸ್ತಕವು ಪಡಲಿಲ್ಲ.

'ಕೊರತೆ' ಎಂಬ ಪದ ಆಳುವವರಿಗೆ ಎಷ್ಟು ಅನುಕೂಲಕರವೆಂಬುದಕ್ಕೆ ನಮ್ಮ ನಾಡಿನ ಇತಿಹಾಸದಲ್ಲೇ ರಕ್ತದ ಸಾಕ್ಷ್ಯವಿದೆ. 1943ರ ಬಂಗಾಳದ ಕ್ಷಾಮವನ್ನು ನೆನಪಿಸಿಕೊಳ್ಳಿ. ಅದರ ತನಿಖೆಗೆ ಬ್ರಿಟಿಷ್ ಸರಕಾರ ನೇಮಿಸಿದ ಆಯೋಗವು 1945ರಲ್ಲಿ ವರದಿ ನೀಡಿ, ಸುಮಾರು 15 ಲಕ್ಷ ಮಂದಿ ಸತ್ತರೆಂದೂ ಅಕ್ಕಿಯ ಅಭಾವವು ಅದರ ಪ್ರಮುಖ ಕಾರಣವೆಂದೂ ಹೇಳಿತು. ಅಕ್ಕಿಯೇ ಇರಲಿಲ್ಲವೆಂದ ಮೇಲೆ ಯಾರನ್ನು ದೂರುವುದು?

ಆದರೆ ಬಾಲ್ಯದಲ್ಲಿ ಆ ಕ್ಷಾಮವನ್ನು ಕಣ್ಣಾರೆ ಕಂಡಿದ್ದ ಅಮರ್ತ್ಯ ಸೇನ್ ಅವರು 1981ರ ತಮ್ಮ ಗ್ರಂಥದಲ್ಲಿ ಅದೇ ಅಂಕಿ ಅಂಶಗಳನ್ನು ಮರುಪರಿಶೀಲಿಸಿದರು. ಸತ್ತವರ ಸಂಖ್ಯೆ ಸುಮಾರು 30 ಲಕ್ಷವೆಂದು ಅವರು ಅಂದಾಜಿಸಿದರು. 1943ರಲ್ಲಿ ಬಂಗಾಳದಲ್ಲಿ ಲಭ್ಯವಿದ್ದ ಆಹಾರಧಾನ್ಯವು ಕ್ಷಾಮವೇ ಇರದಿದ್ದ 1941ಕ್ಕಿಂತ ಹೆಚ್ಚೇ ಇತ್ತೆಂದು ತೋರಿಸಿದರು. ಹಾಗಾದರೆ ಜನ ಸತ್ತದ್ದೇಕೆ? ಯುದ್ಧದ ವೆಚ್ಚದಿಂದ ಬೆಲೆಗಳು ಗಗನಕ್ಕೇರಿದವು, ವ್ಯಾಪಾರಿಗಳು ದಾಸ್ತಾನು ಮಾಡಿದರು, ಕಲ್ಕತ್ತಾ ನಗರಕ್ಕೆ ಅಗ್ಗದ ಅಕ್ಕಿಯನ್ನು ಖಾತ್ರಿಪಡಿಸಲಾಯಿತು, ಹಳ್ಳಿಯ ಕೂಲಿಕಾರನ ಮತ್ತು ಮೀನುಗಾರನ ಸಂಪಾದನೆ ಮಾತ್ರ ಇದ್ದಲ್ಲೇ ಉಳಿಯಿತು. ಅಕ್ಕಿ ಇತ್ತು, ಅದನ್ನು ಪಡೆಯುವ ಹಕ್ಕು ಇರಲಿಲ್ಲ. ಪ್ರಕೃತಿಯ ಮೇಲೆ ಹೊರಿಸಲಾಗಿದ್ದ ಆರೋಪವನ್ನು ಸೇನ್ ಅವರು ವ್ಯವಸ್ಥೆಯ ಬಾಗಿಲಿಗೆ ತಂದು ನಿಲ್ಲಿಸಿದರು.

ಬ್ರಿಟಿಷರು ಹೋದ ಮೇಲೆ ಈ ಕತೆ ಮುಗಿಯಿತೆಂದು ಭಾವಿಸುವವರು 2001ನೇ ಇಸವಿಯನ್ನು ನೆನಪಿಸಿಕೊಳ್ಳಬೇಕು. ಆ ವರ್ಷ ಭಾರತ ಆಹಾರ ನಿಗಮದ ಉಗ್ರಾಣಗಳು ಉಕ್ಕಿ ಹರಿಯುತ್ತಿದ್ದವು. ಜುಲೈ ತಿಂಗಳಲ್ಲಿ ಕಾಪು ದಾಸ್ತಾನಾಗಿ 2.43 ಕೋಟಿ ಟನ್ ಇದ್ದರೆ ಸಾಕೆಂಬುದು ಸರಕಾರದ್ದೇ ನಿಯಮ. 2002ರ ಜುಲೈಯ ಹೊತ್ತಿಗೆ ಅಲ್ಲಿ ಇದ್ದದ್ದು 6 ಕೋಟಿ ಟನ್‌ಗೂ ಅಧಿಕ. ಜಾಗ ಸಾಲದೆ ಗೋಧಿ ಮೂಟೆಗಳನ್ನು ಬಯಲಲ್ಲಿ ತಾಡಪಾಲಿನ ಅಡಿಯಲ್ಲಿ ಇಡಲಾಗಿತ್ತು. ಅದೇ ಸಮಯದಲ್ಲಿ ರಾಜಸ್ಥಾನದ ಹಳ್ಳಿಗಳು ಸತತ ಬರಗಾಲದಿಂದ ತತ್ತರಿಸಿದ್ದವು. ಒಡಿಶಾದ ಕಾಶೀಪುರದಲ್ಲಿ ಮಾವಿನ ಗೊರಟಿನ ಗಂಜಿ ಕುಡಿದು ಆದಿವಾಸಿಗಳು ಸತ್ತ ಸುದ್ದಿ ಬಂದಿತ್ತು. ಹೆಚ್ಚುವರಿ ಧಾನ್ಯವನ್ನು ಏನು ಮಾಡುವುದೆಂದು ತಿಳಿಯದ ಸರಕಾರವು ಅದನ್ನು ಸಹಾಯಧನ ನೀಡಿ ವಿದೇಶಗಳಿಗೆ ರಫ್ತು ಮಾಡತೊಡಗಿತು. ಹೊರಗಿನ ವ್ಯಾಪಾರಿಗೆ ಸಹಾಯಧನ ಕೊಡಲು ಹಣವಿತ್ತು, ಒಳಗಿನ ಹಸಿದವನಿಗೆ ಕೊಡಲು 'ಸಂಪನ್ಮೂಲದ ಕೊರತೆ'ಯಿತ್ತು!

2001ರ ಏಪ್ರಿಲ್‌ನಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆಯು ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. ಅದೇ ವರ್ಷ ನವೆಂಬರ್ 28ರಂದು ನ್ಯಾಯಾಲಯವು ನೀಡಿದ ಮಧ್ಯಂತರ ಆದೇಶವು ಆಹಾರ ಯೋಜನೆಗಳನ್ನು ಸರಕಾರದ ಕೃಪೆಯಿಂದ ಬಿಡಿಸಿ ಪ್ರಜೆಯ ಹಕ್ಕಿನ ಸ್ಥಾನಕ್ಕೇರಿಸಿತು. ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬಿಸಿಯೂಟ ನೀಡಬೇಕೆಂದು ಆಜ್ಞಾಪಿಸಿತು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು, ಮುಂದೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. ನಾವು ಕೇಳುವುದಿಷ್ಟೇ: ಆದೇಶದ ಮುನ್ನಾದಿನ ಮತ್ತು ಮರುದಿನದ ನಡುವೆ ದೇಶದಲ್ಲಿ ಯಾವ ಹೊಸ ಸಂಪನ್ಮೂಲ ಹುಟ್ಟಿತು? ಅದೇ ಧಾನ್ಯ, ಅದೇ ಖಜಾನೆ, ಅದೇ ಮಕ್ಕಳು. ಬದಲಾದದ್ದು ತೀರ್ಮಾನವೊಂದೇ. ಒಂದು ತೀರ್ಮಾನದಿಂದ ನೀಗುವ ಕೊರತೆಯನ್ನು ಪ್ರಕೃತಿ ನಿಯಮವೆಂದು ಕರೆಯುವುದು ಯಾವ ಶಾಸ್ತ್ರ?

ಇಪ್ಪತ್ತು ವರ್ಷಗಳ ಬಳಿಕವೂ ಪಾಠ ಬದಲಾಗಲಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ನಿಮಿತ್ತ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಾಗ ಲಕ್ಷಾಂತರ ವಲಸೆ ಕಾರ್ಮಿಕರು ಹಸಿದ ಹೊಟ್ಟೆಯಲ್ಲಿ ಹೆದ್ದಾರಿಗಳ ಮೇಲೆ ನಡೆದರು. ಆಗ ಸರಕಾರದ ಉಗ್ರಾಣಗಳಲ್ಲಿ 7 ಕೋಟಿ ಟನ್‌ಗೂ ಅಧಿಕ ಧಾನ್ಯವಿತ್ತು. ಪಡಿತರ ಚೀಟಿ ಇದ್ದವರಿಗೆ ತಲಾ 5 ಕಿಲೋ ಉಚಿತ ಧಾನ್ಯ ನೀಡುವ ಯೋಜನೆ ಬಂತು, ಅದನ್ನು ನಾವು ಮೆಚ್ಚಲೇಬೇಕು. ಆದರೆ ಊರು ಬಿಟ್ಟು ಊರಿಗೆ ಬಂದ ಕಾರ್ಮಿಕನ ಚೀಟಿ ಆತನ ಜೊತೆಗಿರಲಿಲ್ಲ, ಅನೇಕರಿಗೆ ಚೀಟಿಯೇ ಇರಲಿಲ್ಲ. ಆ ಏಪ್ರಿಲ್ 20ರಂದು ಕೇಂದ್ರ ಸರಕಾರದ ಸಮಿತಿಯೊಂದು ಆಹಾರ ನಿಗಮದ ಹೆಚ್ಚುವರಿ ಅಕ್ಕಿಯನ್ನು ಎಥೆನಾಲ್ ಆಗಿ ಪರಿವರ್ತಿಸಲು ಒಪ್ಪಿಗೆ ನೀಡಿತು. ಕೈ ತೊಳೆಯುವ ಸ್ಯಾನಿಟೈಸರಿಗೆ ಮತ್ತು ಪೆಟ್ರೋಲಿಗೆ ಬೆರೆಸಲು ಅಕ್ಕಿ ಹೆಚ್ಚುವರಿಯಾಗಿತ್ತು, ಚೀಟಿಯಿಲ್ಲದವನ ತಟ್ಟೆಗೆ ಅದೇ ಅಕ್ಕಿ ವಿರಳವಾಗಿತ್ತು.

ಕನ್ನಡಿಗರಿಗೆ ಇನ್ನೂ ಹತ್ತಿರದ ನಿದರ್ಶನ 2023ರದ್ದು. ಅನ್ನಭಾಗ್ಯ ಯೋಜನೆಯಲ್ಲಿ ತಲಾ 5 ಕಿಲೋ ಹೆಚ್ಚುವರಿ ಅಕ್ಕಿ ನೀಡಲು ರಾಜ್ಯ ಸರಕಾರವು ಹಣ ಕೊಟ್ಟು ಕೊಳ್ಳುತ್ತೇನೆಂದು ಆಹಾರ ನಿಗಮದ ಮುಂದೆ ನಿಂತಿತು. ಜೂನ್ 13ರಂದು ಕೇಂದ್ರವು ರಾಜ್ಯ ಸರಕಾರಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಡಿ ಅಕ್ಕಿ ಮಾರುವುದನ್ನೇ ನಿಲ್ಲಿಸಿತು. ಬೆಲೆಯೇರಿಕೆ ತಡೆಯಲು ದಾಸ್ತಾನು ಬೇಕೆಂಬುದು ನೀಡಿದ ಕಾರಣ. ಆದರೆ ಖಾಸಗಿ ವ್ಯಾಪಾರಿಗಳಿಗೆ ಹರಾಜಿನ ಬಾಗಿಲು ತೆರೆದೇ ಇತ್ತು. ಆ ಹಂಗಾಮಿನಲ್ಲಿ ಎಥೆನಾಲ್ ಘಟಕಗಳಿಗೆ ಕಿಲೋಗೆ 20 ರೂಪಾಯಿಯಂತೆ ಅಕ್ಕಿ ಕೊಡಲಾಗಿತ್ತು. ರಾಜ್ಯವು ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ನಗದನ್ನು ಕೊಡಬೇಕಾಯಿತು. 2025ರ ಆರಂಭದಲ್ಲಿ ಅದೇ ನಿಗಮವು ಕ್ವಿಂಟಾಲಿಗೆ 2,250 ರೂಪಾಯಿ ದರದಲ್ಲಿ ರಾಜ್ಯಗಳಿಗೂ ಎಥೆನಾಲ್ ಘಟಕಗಳಿಗೂ ಅಕ್ಕಿ ಮಾರಲು ಸಿದ್ಧವಾಯಿತು, ಆ ಬಳಿಕ ಇಲ್ಲಿ ನಗದಿನ ಬದಲು ಅಕ್ಕಿಯೇ ಬಂತು. ಯಾವ ಪಕ್ಷದ ವಕಾಲತ್ತೂ ನಮಗೆ ಬೇಕಿಲ್ಲ. ಕೊರತೆಯು ಹೇಗೆ ಒಂದು ಸುತ್ತೋಲೆಯಿಂದ ಹುಟ್ಟಿ ಇನ್ನೊಂದು ಸುತ್ತೋಲೆಯಿಂದ ಸಾಯುತ್ತದೆ ಎಂಬುದನ್ನಷ್ಟೇ ಓದುಗರು ಗಮನಿಸಬೇಕು.

ಸುತ್ತೋಲೆಗಿಂತ ಕ್ರೂರವಾದದ್ದು ಯಂತ್ರದ ನಿರಾಕರಣೆ. 2017ರಲ್ಲಿ ಜಾರ್ಖಂಡದ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಬಾಲಕಿಯೊಬ್ಬಳು ತೀರಿಕೊಂಡಳು. ಆಧಾರ್ ಜೋಡಣೆಯಾಗಿಲ್ಲವೆಂದು ಪಡಿತರ ಚೀಟಿ ರದ್ದಾಗಿ ಮನೆಯಲ್ಲಿ ಅನ್ನವಿರಲಿಲ್ಲ, ಆಕೆ ಹಸಿವಿನಿಂದ ಸತ್ತಳೆಂದು ಕುಟುಂಬ ಹೇಳಿತು. ಮಲೇರಿಯಾದಿಂದ ಸತ್ತಳೆಂದು ಆಡಳಿತ ಹೇಳಿತು. ಸಾವಿನ ಕಾರಣದ ಬಗ್ಗೆ ವಿವಾದವಿರಬಹುದು, ಚೀಟಿ ರದ್ದಾದದ್ದರ ಬಗ್ಗೆ ವಿವಾದವಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು! ಜಗತ್ತಿನ ಚಿತ್ರವೂ ಭಿನ್ನವಲ್ಲ. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಸುಮಾರು 67 ಕೋಟಿ ಜನ ಹಸಿದಿದ್ದರು; 2022ರಲ್ಲಿ ಮನೆ, ಹೋಟೆಲು ಮತ್ತು ಅಂಗಡಿಗಳಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್.

ಕೊರತೆ ಇಲ್ಲದಲ್ಲಿ ಅದನ್ನು ಸೃಷ್ಟಿಸುವ ವಿದ್ಯೆಯೂ ಬಂಡವಾಳಕ್ಕೆ ಕರಗತ. 1924ರ ಕೊನೆಗೆ ಜಿನೀವಾದಲ್ಲಿ ಜಗತ್ತಿನ ಪ್ರಮುಖ ವಿದ್ಯುತ್ ಬಲ್ಬ್ ತಯಾರಕರು ಒಂದು ಕೂಟ ಕಟ್ಟಿಕೊಂಡರು. ಬಲ್ಬುಗಳು 1,000 ಗಂಟೆಗಿಂತ ಹೆಚ್ಚು ಉರಿಯಬಾರದೆಂದು ಒಪ್ಪಂದ ಮಾಡಿಕೊಂಡರು. ಹೆಚ್ಚು ಕಾಲ ಬಾಳುವ ಬಲ್ಬು ತಯಾರಿಸಿದ ಸದಸ್ಯ ಕಂಪೆನಿಗೆ ದಂಡ ವಿಧಿಸಿದರು. ಔಷಧದ ಉದಾಹರಣೆ ಇನ್ನೂ ಗಂಭೀರ. ಏಡ್ಸ್ ರೋಗಿಗಳ ಸಂಯುಕ್ತ ಔಷಧಕ್ಕೆ ವರ್ಷಕ್ಕೆ 10,000 ಡಾಲರ್‌ಗೂ ಮಿಕ್ಕಿ ಬೆಲೆಯಿದ್ದಾಗ ಆಫ್ರಿಕಾದ ಬಡವರು ಸಾಲುಸಾಲಾಗಿ ಸಾಯುತ್ತಿದ್ದರು. 2001ರ ಫೆಬ್ರವರಿಯಲ್ಲಿ ಮುಂಬೈಯ ಸಿಪ್ಲಾ ಸಂಸ್ಥೆಯು ಅದೇ ಔಷಧವನ್ನು ವರ್ಷಕ್ಕೆ 350 ಡಾಲರಿಗೆ ಒದಗಿಸಲು ಮುಂದೆ ಬಂತು. 1970ರ ಭಾರತದ ಪೇಟೆಂಟ್ ಕಾನೂನು ಔಷಧದ ಉತ್ಪನ್ನಕ್ಕೆ ಏಕಸ್ವಾಮ್ಯ ನೀಡದಿದ್ದುದರಿಂದ ಅದು ಸಾಧ್ಯವಾಗಿತ್ತು. ಔಷಧದ ಸೂತ್ರವೆಂಬ ಜ್ಞಾನ ಹಂಚಿದಷ್ಟೂ ಕಡಿಮೆಯಾಗದ ವಸ್ತು. ಅದನ್ನೂ ವಿರಳಗೊಳಿಸಿದ್ದು ಕಾನೂನು.

ಇನ್ನು ಆ ತತ್ವದ ಉಳಿದರ್ಧಕ್ಕೆ ಬರೋಣ. ಬಯಕೆಗಳು ನಿಜಕ್ಕೂ ಹುಟ್ಟಿನಿಂದಲೇ ಅಪರಿಮಿತವೇ? ಹೊಟ್ಟೆಗೆ ಮಿತಿಯಿದೆ, ಮೈಮೇಲಿನ ಬಟ್ಟೆಗೆ ಮಿತಿಯಿದೆ, ತಲೆಯ ಮೇಲಿನ ಸೂರಿಗೂ ಮಿತಿಯಿದೆ. 1930ರಲ್ಲಿ ಕೇನ್ಸ್ ಅವರು ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಗುರುತಿಸಿದ್ದರು. ಇತರರ ಸ್ಥಿತಿ ಹೇಗೇ ಇರಲಿ ನಮಗೆ ಬೇಕೇ ಬೇಕಾಗುವ ಅಗತ್ಯಗಳು ಒಂದು ಬಗೆ, ಇತರರಿಗಿಂತ ಮೇಲೆ ಕಾಣಿಸಿಕೊಳ್ಳುವುದಕ್ಕಾಗಿ ಬೇಕಾಗುವವು ಇನ್ನೊಂದು ಬಗೆ. ಎರಡನೆಯದಕ್ಕೆ ಮಾತ್ರ ಕೊನೆಯಿಲ್ಲದಿರಬಹುದು ಎಂದಿದ್ದರು. 1958ರಲ್ಲಿ ಗಾಲ್‌ಬ್ರೆತ್ ಇನ್ನೂ ನೇರವಾಗಿ ಹೇಳಿದರು: ಬಯಕೆಯನ್ನು ತೃಪ್ತಿಪಡಿಸುವುದಾಗಿ ಹೇಳಿಕೊಳ್ಳುವ ಉತ್ಪಾದನಾ ವ್ಯವಸ್ಥೆಯೇ ಜಾಹೀರಾತಿನ ಮೂಲಕ ಆ ಬಯಕೆಯನ್ನು ಹುಟ್ಟಿಸುತ್ತದೆ. ವಜ್ರದ ಉಂಗುರವಿಲ್ಲದೆ ಮದುವೆಯ ಮಾತುಕತೆ ಪೂರ್ಣವಾಗದೆಂಬ ನಂಬಿಕೆ ಅಮೆರಿಕದಲ್ಲಿ ಬೇರೂರಿದ್ದು ಡಿ ಬಿಯರ್ಸ್ ಕಂಪೆನಿ 1938ರಿಂದ ಜಾಹೀರಾತು ಸಂಸ್ಥೆಯೊಂದರ ಮೂಲಕ ನಡೆಸಿದ ಪ್ರಚಾರದಿಂದ. ಬೆಂಕಿ ಹಚ್ಚಿದವನೇ ನೀರು ಮಾರಲು ಬಂದರೆ ಅವನನ್ನು ಊರಿನ ರಕ್ಷಕನೆಂದು ಕರೆಯಬೇಕೇ?

ಇಲ್ಲಿ ನಮ್ಮ ಮನೆಗಳತ್ತಲೂ ನೋಡಿಕೊಳ್ಳುವುದು ಅಗತ್ಯ. ನೆರೆಮನೆಯ ಮದುವೆಗಿಂತ ನಮ್ಮ ಮನೆಯ ಮದುವೆ ಒಂದು ಕೈ ಮೇಲಿರಬೇಕೆಂಬ ಹಟ, ಹವಾನಿಯಂತ್ರಿತ ಸಭಾಂಗಣ, ಹತ್ತಾರು ಬಗೆಯ ಖಾದ್ಯ, ಎಲೆಯಲ್ಲಿ ಅರ್ಧ ಉಳಿದು ತೊಟ್ಟಿಗೆ ಬೀಳುವ ಬಿರಿಯಾನಿ, ವರದಕ್ಷಿಣೆಯ ಹೊಸ ಹೊಸ ಹೆಸರುಗಳು, ಇವೆಲ್ಲ ಯಾವ ಹಸಿವಿನಿಂದ ಹುಟ್ಟಿದ ಬಯಕೆಗಳು? ಇವುಗಳಿಗಾಗಿ ಮಾಡಿದ ಸಾಲ ತಂದೆಯ ಬೆನ್ನು ಮುರಿಯುತ್ತದೆ. ಬಯಕೆ ಹುಟ್ಟಿಸುವ ಮಾರುಕಟ್ಟೆಯ ಪಕ್ಕದಲ್ಲೇ ಸಾಲ ಕೊಡುವ ಮಳಿಗೆ ತೆರೆದಿರುತ್ತದೆ. ಕಿರುಸಾಲ ಸಂಸ್ಥೆಗಳ ವಸೂಲಿ ಕಿರುಕುಳ ತಡೆಯಲು ಕರ್ನಾಟಕವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು ಎಂದ ಮೇಲೆ ಬಡ ಮನೆಗಳ ಸ್ಥಿತಿ ಎಲ್ಲಿಗೆ ಮುಟ್ಟಿತ್ತೆಂಬುದನ್ನು ಊಹಿಸಬಹುದು. ಎಲ್ಲ ಸಾಲವೂ ಆಡಂಬರದ ಸಾಲವಲ್ಲ. ಆಸ್ಪತ್ರೆಗೆ, ಶಾಲೆಗೆ, ಬಿತ್ತನೆಗೆ ಮಾಡಿದ ಸಾಲವೇ ಬಹಳ. ಈ ಅಗತ್ಯಕ್ಕೂ ಆ ಆಡಂಬರಕ್ಕೂ ಇರುವ ಅಂತರವನ್ನು ಪಠ್ಯಪುಸ್ತಕವು ಮರೆಸಿದೆ, ನಾವೂ ಮರೆತರೆ ಸುಧಾರಣೆಯ ಮಾತಿಗೆ ಅರ್ಥವಿರದು.

ಅರ್ಥಶಾಸ್ತ್ರಜ್ಞರು ಇದಕ್ಕೊಂದು ಉತ್ತರ ಕೊಡುತ್ತಾರೆ. ವಿರಳತೆ ಎಂದರೆ ಅಭಾವವೆಂದು ಅರ್ಥವಲ್ಲ, ಒಂದನ್ನು ಆಯ್ದುಕೊಂಡರೆ ಇನ್ನೊಂದನ್ನು ಬಿಡಬೇಕಾಗುತ್ತದೆ ಎಂದಷ್ಟೇ ಅರ್ಥ. ಅತ್ಯಂತ ಶ್ರೀಮಂತನಿಗೂ ದಿನಕ್ಕೆ 24 ಗಂಟೆಗಳೇ ಇರುವುದು ಎನ್ನುತ್ತಾರೆ. ತರ್ಕವಾಗಿ ಇದು ಸರಿ. ನಾವೂ ಅದನ್ನೇ ಹಿಡಿದು ಕೇಳುತ್ತೇವೆ: ಎಲ್ಲವೂ ಆಯ್ಕೆಯ ವಿಚಾರವಾದರೆ ಆಯ್ಕೆ ಮಾಡುವವರು ಯಾರು? 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರವು ಕಂಪೆನಿಗಳ ಆದಾಯ ತೆರಿಗೆಯ ಮೂಲ ದರವನ್ನು ಶೇ. 30ರಿಂದ 22ಕ್ಕೆ ಇಳಿಸಿತು; ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಆಗುವುದೆಂದು ಸರಕಾರವೇ ಪ್ರಕಟಿಸಿತು. ಆ ವರ್ಷದ ಮುಂಗಡಪತ್ರದಲ್ಲಿ ಇಡೀ ದೇಶದ ಗ್ರಾಮೀಣ ಉದ್ಯೋಗ ಖಾತರಿಗೆ ಮೀಸಲಿಟ್ಟಿದ್ದ ಮೊತ್ತ 60,000 ಕೋಟಿ. ಆಗ ಸಂಪನ್ಮೂಲ ಪರಿಮಿತವೆಂಬ ಪಾಠ ಯಾರಿಗೂ ನೆನಪಾಗಲಿಲ್ಲ. ಕೊರತೆಯು ಬಡವನು ಕೈಚಾಚಿದಾಗ ಮಾತ್ರ ಪ್ರತ್ಯಕ್ಷವಾಗುವ ದೇವತೆಯೇ?

ನಿಜವಾದ ಮಿತಿಗಳೂ ಇವೆ. ಕೋಲಾರದಂತಹ ಜಿಲ್ಲೆಗಳಲ್ಲಿ ಅಂತರ್ಜಲ ಪಾತಾಳ ಸೇರಿದೆ. ಕಾಡು, ಗಾಳಿ, ಮಣ್ಣು ಮರುಹುಟ್ಟು ಪಡೆಯುವ ವೇಗಕ್ಕಿಂತ ವೇಗವಾಗಿ ಬರಿದಾಗುತ್ತಿವೆ. ಸಂಪನ್ಮೂಲ ಪರಿಮಿತವೆಂದು ಪ್ರಾಮಾಣಿಕವಾಗಿ ನಂಬುವವನು ಮೊದಲು ಮಾಡಬೇಕಾದುದು ಆಡಂಬರದ ಬಯಕೆಗೆ ಲಗಾಮು ಹಾಕುವ ಕೆಲಸವನ್ನು. ವಿಚಿತ್ರವೆಂದರೆ ಅದೇ ಪಠ್ಯಪುಸ್ತಕವು ಮುಂದಿನ ಅಧ್ಯಾಯಗಳಲ್ಲಿ ಅನಂತ ಬೆಳವಣಿಗೆಯನ್ನು ಪರಿಹಾರವೆಂದು ಸೂಚಿಸುತ್ತದೆ. ಈ ವಿರೋಧಾಭಾಸವನ್ನು ನಮ್ಮ ದೇಶದ ಜೆ.ಸಿ. ಕುಮಾರಪ್ಪನವರು ಬಹಳ ಹಿಂದೆಯೇ ಕಂಡಿದ್ದರು. ಸೆರೆಮನೆಯಲ್ಲಿ ಕುಳಿತು ಅವರು ಬರೆದು 1945ರಲ್ಲಿ ಪ್ರಕಟವಾದ ಶಾಶ್ವತತೆಯ ಅರ್ಥವ್ಯವಸ್ಥೆಯ ಕುರಿತ ಗ್ರಂಥವು, ಪ್ರಕೃತಿಯ ಮೂಲಧನವನ್ನೇ ಕರಗಿಸಿ ತಿನ್ನುವ ಆರ್ಥಿಕತೆಗೂ ಅದರ ವಾರ್ಷಿಕ ಫಲದಲ್ಲಿ ಬಾಳುವ ಆರ್ಥಿಕತೆಗೂ ಇರುವ ಭೇದವನ್ನು ವಿವರಿಸಿತು. ಇರಾಕಿನ ವಿದ್ವಾಂಸ ಮುಹಮ್ಮದ್ ಬಾಕಿರ್ ಅಸ್ಸದ್ರ್ ಅವರು 1960ರ ದಶಕದ ಆರಂಭದಲ್ಲಿ ಹೊರತಂದ 'ಇಕ್ತಿಸಾದುನಾ' ಗ್ರಂಥದಲ್ಲಿ ಇದೇ ಮೂಲ ಪ್ರಶ್ನೆಯನ್ನು ಎತ್ತಿಕೊಂಡು, ಆರ್ಥಿಕ ಸಮಸ್ಯೆಯ ಬೇರು ಪ್ರಕೃತಿಯ ಜಿಪುಣತನದಲ್ಲಿಲ್ಲ, ಹಂಚಿಕೆಯಲ್ಲಿ ಮನುಷ್ಯ ಎಸಗುವ ಅನ್ಯಾಯದಲ್ಲಿದೆ ಎಂದು ವಾದಿಸಿದರು. ಒಬ್ಬರು ಗಾಂಧಿವಾದಿ ಕ್ರೈಸ್ತ, ಇನ್ನೊಬ್ಬರು ನಜಫಿನ ಧಾರ್ಮಿಕ ಪಂಡಿತ. ಇಬ್ಬರ ದಾರಿ ಬೇರೆಯಾದರೂ ಅರ್ಥಶಾಸ್ತ್ರವನ್ನು ನೈತಿಕತೆಯಿಂದ ಬೇರ್ಪಡಿಸಲು ಇಬ್ಬರೂ ಒಪ್ಪಲಿಲ್ಲ.

ಹಾಗಾದರೆ ಮೊದಲ ಪಾಠ ಏನಾಗಿರಬೇಕು? ಬಯಕೆ ಮತ್ತು ಅಗತ್ಯಗಳನ್ನು ಬೇರ್ಪಡಿಸುವುದರಿಂದ ಅದು ಆರಂಭವಾಗಬೇಕು. ಅನ್ನ, ನೀರು, ಔಷಧ, ಶಿಕ್ಷಣ, ವಸತಿ ಇವು ಎಲ್ಲರಿಗೂ ದೊರೆತ ಬಳಿಕವೇ ಉಳಿದ ಬಯಕೆಗಳ ಸರದಿ ಬರಬೇಕೆಂಬ ಕ್ರಮವನ್ನು ಅದು ಕಲಿಸಬೇಕು. ಯಾವುದೇ ಕೊರತೆಯ ಮಾತು ಬಂದಾಗ ವಿದ್ಯಾರ್ಥಿಯು ನಾಲ್ಕು ಪ್ರಶ್ನೆಗಳನ್ನು ಕೇಳುವಂತಾಗಬೇಕು. ಈ ಕೊರತೆ ಯಾರಿಗೆ? ಇದನ್ನು ಉಂಟುಮಾಡಿದ ತೀರ್ಮಾನ ಯಾವುದು? ಆ ತೀರ್ಮಾನದಿಂದ ಲಾಭ ಪಡೆದವರು ಯಾರು? ಅದನ್ನು ಬದಲಿಸಲು ಏನು ಬೇಕು? ಈ ಪ್ರಶ್ನೆಗಳನ್ನು ಕೇಳಬಲ್ಲ ಪ್ರಜೆಯೆದುರು ಮಂತ್ರಿಯು ಸಂಪನ್ಮೂಲ ಸೀಮಿತವೆಂದು ಹೇಳಿ ಎದ್ದುಹೋಗಲಾರ.

ನಮ್ಮ ಶಿಕ್ಷಕರಿಗೆ, ವಿಶೇಷವಾಗಿ ಪದವಿಪೂರ್ವ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಬೋಧಿಸುವವರಿಗೆ, ನಮ್ಮದೊಂದು ವಿನಂತಿ. ಪಠ್ಯದಲ್ಲಿರುವ ವ್ಯಾಖ್ಯೆಯನ್ನು ಕಲಿಸಲೇಬೇಕು, ಪರೀಕ್ಷೆಗೆ ಅದು ಬೇಕು. ಅದರ ಜೊತೆಗೆ ಊರಿನ ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲನ್ನೂ, ಬೆರಳಚ್ಚು ಹೊಂದಾಣಿಕೆಯಾಗದೆ ಬರಿಗೈಯಲ್ಲಿ ಮರಳುವ ವೃದ್ಧೆಯನ್ನೂ ವಿದ್ಯಾರ್ಥಿಗೆ ತೋರಿಸಿ. ಅಕ್ಕಿ ಅಂಗಡಿಯೊಳಗಿದೆ, ಹಸಿವು ಅಂಗಡಿಯ ಹೊರಗಿದೆ, ನಡುವೆ ಇರುವುದು ಮನುಷ್ಯರೇ ಕಟ್ಟಿದ ಗೋಡೆ. ಮನುಷ್ಯರು ಕಟ್ಟಿದ್ದನ್ನು ಮನುಷ್ಯರೇ ಕೆಡವಬಲ್ಲರು ಎಂಬ ಅರಿವು ಆ ವಿದ್ಯಾರ್ಥಿಯಲ್ಲಿ ಮೂಡಿದರೆ ಅರ್ಥಶಾಸ್ತ್ರದ ಅಧ್ಯಯನ ಸಾರ್ಥಕ.